ನೀಲಿಯೋ ಹಸಿರೋ: ಮಿಷಿಗನ್‌ನಲ್ಲಿ ಮೂರು ವಾರ

ಫ್ರಾಂಕ್‌ಫರ್ಟ್

ತಗಡಿನ ಚೂರು ಒಂದಿಂಚು ಉದ್ದ, ಮುಕ್ಕಾಲಿಂಚು ಅಗಲ. ಮೂರು ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಲಾಗಿತ್ತು. ನಾಲ್ಕನೆಯದರಲ್ಲಿ ಕತ್ತರಿ ಕಚ್ಚಿದ ಗುರುತು ಹಾಗೇ ಉಳಿದಿತ್ತು. ಒಂದು ಮುಖ ಕಡು ಹಸಿರು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿ, ಕುಂಕುಮದ ಖಾಲಿ ಡಬ್ಬಿಗೆ ಹಾಕಿ, ಕೈಚೀಲದ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ.

ವಿಮಾನ ಬದಲಿಸುವ ಮೊದಲು ಮತ್ತೊಮ್ಮೆ ತಪಾಸಣೆ. ಅಲ್ಲಿದ್ದ ಅಧಿಕಾರಿ ಡಬ್ಬಿ ತೆರೆದ. ನಾನು ಅದನ್ನು ಎರಡು ಸಲ ತೊಳೆದಿದ್ದರೂ ಮುಚ್ಚಳದ ತಿರುಪಿನಲ್ಲಿ ಕುಂಕುಮ ಉಳಿದುಕೊಂಡಿತ್ತು. ಅವನ ಬಿಳಿ ಕೈಗವಸಿನ ತುದಿ ಕೆಂಪಾಯಿತು. ಅವನು ತನ್ನ ಬೆರಳು ನೋಡಿಕೊಂಡ, ನನ್ನನ್ನು ನೋಡಿದ.

"ಇದೇನು?"

"ಬಣ್ಣ" ಎಂದೆ.

"ಯಾವುದರ ಬಣ್ಣ?"

ಕೇಳಿದ್ದಕ್ಕೆ ಕೇಳಿದಷ್ಟೇ ಸರಿಯಾಗಿ ಉತ್ತರಿಸುವುದು ನನ್ನ ಹಳೆಯ ಚಟ. "ಕೆಂಪು ಹಣೆಯದು, ಹಸಿರು ಕಾರಿನದು" ಎಂದೆ. ಅವನು ಇನ್ನೊಬ್ಬ ಅಧಿಕಾರಿಯನ್ನು ಕರೆದ. ಆಕೆ ಬಟ್ಟೆಯ ಚೂರಿನಿಂದ ಡಬ್ಬಿ ಒರೆಸಿ ಯಂತ್ರಕ್ಕೆ ಕೊಟ್ಟಳು. ಯಂತ್ರ ಸುಮ್ಮನಿತ್ತು. ಹನ್ನೊಂದು ನಿಮಿಷ ಆದ ಮೇಲೆ ಡಬ್ಬಿ ನನ್ನ ಕೈಗೆ ಬಂತು. ಹತ್ತಿ ಮಾತ್ರ ಅವರ ಕಸದ ಬುಟ್ಟಿಯಲ್ಲಿ ಉಳಿಯಿತು. ಮುಂದಿನ ಒಂಬತ್ತು ಗಂಟೆ ಸಮುದ್ರದ ಮೇಲೆ ಹಾರುವಾಗ ಚೂರು ಡಬ್ಬಿಯೊಳಗೆ ಕಟಕಟ ಎನ್ನುತ್ತಲೇ ಇತ್ತು. ನಿದ್ದೆ ಬರಲಿಲ್ಲ. ಎದ್ದು ಓಡಾಡಿದೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಮೂರನೆಯ ಸಲ ನನ್ನನ್ನು ಕಂಡಾಗ ತಮ್ಮ ಪಕ್ಕದ ಖಾಲಿ ಸೀಟು ತೋರಿಸಿ, ಬೇಕಾದರೆ ಇಲ್ಲಿ ಕೂತು ಚಡಪಡಿಸು ಎಂಬಂತೆ ನಕ್ಕರು.

ಚೂರಿನ ಕತೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಪೀಣ್ಯದ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೇನೆ. ಓದಿದ್ದು ರಸಾಯನಶಾಸ್ತ್ರ. ಗಿರಾಕಿ ತಂದ ಬಣ್ಣಕ್ಕೆ ಸರಿಹೊಂದುವ ಬಣ್ಣ ಬೆರೆಸುವುದು ಕೆಲಸ. ಕಾರ್ಖಾನೆ ಹೊಸದಾಗಿ ಬಣ್ಣ ಅಳೆಯುವ ಯಂತ್ರವೊಂದನ್ನು ಕೊಂಡಿತ್ತು. ಅದನ್ನು ಕಲಿಯಲು ಇಬ್ಬರನ್ನು ಮೂರು ವಾರಕ್ಕೆ ಅಮೆರಿಕದ ಮಿಷಿಗನ್‌ಗೆ, ಡೆಟ್ರಾಯಿಟ್‌ನಿಂದ ಒಂದು ಗಂಟೆ ದೂರದ ಸಣ್ಣ ಊರಿಗೆ ಕಳಿಸಿತು. ಇನ್ನೊಬ್ಬ ನನ್ನ ಸಹೋದ್ಯೋಗಿ ಮಹೇಶ. ಅವನ ವೀಸಾ ಬಂದಿರದ ಕಾರಣ ಮೊದಲ ವಾರ ನಾನೊಬ್ಬಳೇ.

ಅಪ್ಪನದು ಅದೇ ಪೀಣ್ಯದಲ್ಲಿ, ನಮ್ಮ ಕಾರ್ಖಾನೆಯಿಂದ ನಾಲ್ಕು ರಸ್ತೆ ಆಚೆ, ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್. ಆಗ ತುಮಕೂರು ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದವು. ಅಪ್ಪ ಬೆಳಿಗ್ಗೆ ಹೊಡೆದ ಬಣ್ಣದ ಮೇಲೆ ಸಂಜೆಗೆ ಸಿಮೆಂಟಿನ ಧೂಳು ಕೂರುತ್ತಿತ್ತು. ಆ ಶೆಡ್ಡಿನಲ್ಲಿ ಹನ್ನೊಂದು ತಿಂಗಳಿಂದ ಒಂದು ಹಳೆಯ ಅಮೆರಿಕನ್ ಕಾರು ನಿಂತಿತ್ತು. ಎರಡೇ ಬಾಗಿಲು, ಎಡಗಡೆ ಸ್ಟಿಯರಿಂಗ್, ಮೊಸಳೆಯಂತೆ ಚಾಚಿದ ಮೂತಿ. ದೊಡ್ಡ ಎಂಜಿನ್ನಿನ ಮಸಲ್ ಕಾರ್ ಎನ್ನುತ್ತಾರಲ್ಲ, ಆ ಜಾತಿಯದು.

ಮಾಲೀಕರು ಸಿಂಗಸಂದ್ರದ ನಾರಾಯಣಪ್ಪ. ಅವರ ರಾಗಿ ಹೊಲ ಇದ್ದ ಕಡೆ ಈಗ ಅವರದೇ ಬಾಡಿಗೆ ಮನೆಗಳಿವೆ. ಅವರು ಎಂಟು ವರ್ಷದ ಹುಡುಗನಾಗಿದ್ದಾಗ ಅವರ ತಾಯಿಗೆ ಹೆರಿಗೆ ನೋವು ಬಂದು, ಎತ್ತಿನ ಗಾಡಿಯಲ್ಲಿ ಕರೆದೊಯ್ಯುವಾಗ ಹೊಸೂರು ರಸ್ತೆಯಲ್ಲಿ ಗಾಡಿಯ ಕೀಲು ಮುರಿಯಿತಂತೆ. ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಬಿಳಿಯನೊಬ್ಬ ತನ್ನ ಕಾರು ನಿಲ್ಲಿಸಿ, ತಾಯಿ ಮಗ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಹುಟ್ಟಿದ್ದು ಹೆಣ್ಣು ಮಗು, ಲಕ್ಷ್ಮಮ್ಮ. ಈಗ ಆನೇಕಲ್‌ನಲ್ಲಿದ್ದಾರೆ. "ನೀನು ನೀಲಿ ಕಾರಲ್ಲಿ ಹುಟ್ಟಬೇಕಾಗಿದ್ದೋಳು" ಎಂದು ಅಣ್ಣ ಹೇಳುತ್ತ, ತಂಗಿ ಕೇಳುತ್ತ ಅಷ್ಟು ವರ್ಷ ಕಳೆದಿತ್ತು. ಮೈಸೂರು ರಸ್ತೆಯ ಮರದ ಡಿಪೊ ಒಂದರ ಹಿಂದೆ ಈ ಕಾರು ಬಿಳಿ ಬಣ್ಣದಲ್ಲಿ ಬಿದ್ದಿದ್ದನ್ನು ಕಂಡು, ಮೂತಿ ನೋಡಿಯೇ ಗುರುತು ಹಿಡಿದು, ನಾರಾಯಣಪ್ಪ ಕೊಂಡು ತಂದರು. ನೀಲಿ ಬಣ್ಣ ಹೊಡೆಸಬೇಕು, ತಂಗಿಯನ್ನು ಅದರಲ್ಲಿ ಕೂರಿಸಬೇಕು. ಅಷ್ಟೇ ಅವರ ಆಸೆ.

ಅಪ್ಪ ಹಳೆ ಬಣ್ಣವನ್ನೆಲ್ಲ ಬೆಂಕಿಯಿಂದ ಸುಟ್ಟು, ಪದರ ತಿಳಿಯದಂತೆ ಕರಿಯಾದದ್ದನ್ನು ಕೆರೆದು ತಗಡು ತೋರಿಸಿದ ಮೇಲೆ ಒಂದು ದಿನ ಹಿಂದಿನ ಸೀಟು ಎತ್ತಿದರು. ಕೆಳಗೆ, ಯಾರೂ ಮುಟ್ಟದ ಮೂಲೆಯಲ್ಲಿ, ಬಣ್ಣ ಹಸಿರಾಗಿತ್ತು. ನಾರಾಯಣಪ್ಪನವರಿಗೆ ಅವರು ಹೇಳಲಿಲ್ಲ. ಸೀಟು ವಾಪಸ್ ಕೂರಿಸಿದರು. ನಾನು ಹೊರಡುವ ಹಿಂದಿನ ದಿನ ಈ ಚೂರು ಕತ್ತರಿಸಿಕೊಟ್ಟು, "ಅಲ್ಲಿ ಹಳಬರು ಯಾರಾದ್ರೂ ಇರ್ತಾರೆ, ತೋರ್ಸು. ಇದ್ರ ಮೇಲೆ ನೀಲಿ ಇತ್ತಾ ಕೇಳು. ಇತ್ತು ಅಂತಾದ್ರೆ ಬಚಾವ್" ಎಂದರು.

ಇರದಿದ್ದರೆ, ಅದು ಆ ಕಾರೇ ಅಲ್ಲ.

ಮೊದಲ ವಾರ

ಹೋಟೆಲಿನ ಕಿಟಕಿ ತೆರೆಯುವಂಥದಲ್ಲ. ನನಗೆ ಅದೊಂದು ದೊಡ್ಡ ಸಂಕಟವಾಯಿತು. ದಾಸರಹಳ್ಳಿಯ ನಮ್ಮ ಮನೆಯಲ್ಲಿ ಕಿಟಕಿ ಮುಚ್ಚಿದರೂ ಲೇತ್ ಯಂತ್ರದ ಸದ್ದು, ಪಕ್ಕದ ಮನೆಯ ಒಗ್ಗರಣೆ, ತರಕಾರಿಯವನ ಕೂಗು ಒಳಗೆ ಬರುತ್ತವೆ. ಇಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ, ಗಾಜಿಗೆ ಹಣೆ ಒತ್ತಿ, ಖಾಲಿ ಪಾರ್ಕಿಂಗಿನ ಬಿಳಿ ಗೆರೆಗಳನ್ನು ಎಣಿಸುತ್ತಿದ್ದೆ. ನಲವತ್ತೆರಡು.

ಪ್ರಯೋಗಾಲಯ ಹೋಟೆಲಿನಿಂದ ಒಂದು ಮೈಲಿ. ನಡೆದೇ ಹೋಗೋಣವೆಂದು ಮೊದಲ ದಿನ ಹೊರಟೆ. ಕಾಲುದಾರಿ ಇರಲಿಲ್ಲ. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಹತ್ತು ನಿಮಿಷದಲ್ಲಿ ಮೂರು ಕಾರುಗಳು ನಿಂತವು. ಮೂರರಲ್ಲೂ ಒಂದೇ ಪ್ರಶ್ನೆ: ನಿಮ್ಮ ಕಾರು ಕೆಟ್ಟಿದೆಯೇ? ಇಲ್ಲ, ನಡೆಯುತ್ತಿದ್ದೇನೆ ಎಂದರೆ ಅವರಿಗೆ ಇನ್ನೂ ಚಿಂತೆ. ಮೂರನೆಯಾಕೆ ತನ್ನ ಉಣ್ಣೆಯ ಟೋಪಿ ಕಿತ್ತು ನನ್ನ ಕೈಗಿಟ್ಟು ಹೊರಟೇ ಹೋದಳು. ಅದನ್ನು ಹಿಂದಿರುಗಿಸುವುದು ಹೇಗೆಂದು ಎರಡು ದಿನ ಯೋಚಿಸಿದೆ. ನಮ್ಮಲ್ಲಿ ರಸ್ತೆ ಬದಿ ನಡೆಯುವವರನ್ನು ಕಂಡರೆ ಹಾರ್ನ್ ಒತ್ತುತ್ತಾರೆ, ಇಲ್ಲಿ ಮರುಗುತ್ತಾರೆ. ನನಗೆ ಹಾರ್ನ್ ಹೆಚ್ಚು ಸಲೀಸು ಅನಿಸಿತು. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ.

ಮಧ್ಯಾಹ್ನ ಅಲ್ಲಿನವರು ಊಟಕ್ಕೆ ತಂತಮ್ಮ ಕಾರಿಗೆ ಹೋಗುತ್ತಾರೆ. ಎಂಜಿನ್ ಚಾಲೂ ಮಾಡಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಒಬ್ಬೊಬ್ಬರೇ ಕೂತು ತಿನ್ನುತ್ತಾರೆ. ಮೊದಲು ಅಯ್ಯೋ ಅನಿಸಿತು. ಮೂರನೆಯ ದಿನಕ್ಕೆ ಅಸೂಯೆಯಾಯಿತು. ಪೀಣ್ಯದಲ್ಲಿ ನನ್ನ ಡಬ್ಬಿ ತೆರೆದ ಕೂಡಲೇ ನಾಲ್ಕು ಚಮಚಗಳು ಬರುತ್ತವೆ, ಜೊತೆಗೆ "ಮದುವೆ ಯಾವಾಗ ಮೇಡಂ?" ಕೂಡ ಬರುತ್ತದೆ.

ಬಣ್ಣ ಆರಿಸುವ ರೀತಿಯೂ ಎರಡು ಕಡೆ ಬೇರೆ. ಅಪ್ಪನ ಶೆಡ್ಡಿಗೆ ಬರುವವರು ಕಾರಿನ ಸುತ್ತ ಒಂದು ಸುತ್ತು ಬಂದು, "ಮಾರೋವಾಗ ಯಾವ ಬಣ್ಣಕ್ಕೆ ಡಿಮ್ಯಾಂಡು ಗುರು?" ಎಂದು ಕೇಳುತ್ತಾರೆ. ಕೆಲವರು ಜ್ಯೋತಿಷಿ ಬರೆದುಕೊಟ್ಟ ಚೀಟಿ ತರುತ್ತಾರೆ. ಬೆಳ್ಳಿ ಬಣ್ಣ, ಬಿಳಿ ಬಣ್ಣ, ಮುಗಿಯಿತು. ಇಲ್ಲಿ ಹಳೆಯ ಕಾರು ತಂದವರು ತಮ್ಮ ಹದಿನೇಳನೆಯ ವಯಸ್ಸಿನ ಬಗ್ಗೆ ಮಾತಾಡುತ್ತಾರೆ. ಒಬ್ಬ ದಪ್ಪ ಮನುಷ್ಯ ಕಿತ್ತಳೆ ಬಣ್ಣ ಬಳಿದ ಎರಡು ಮಾದರಿ ಹಲಗೆ ಹಿಡಿದು ಮುಕ್ಕಾಲು ಗಂಟೆ ನಿಂತಿದ್ದ. ನನ್ನ ಕಣ್ಣಿಗೆ ಎರಡರ ನಡುವೆ ಕೂದಲೆಳೆಯ ಅಂತರ. ಕೊನೆಗೆ ಅವನು ಒಂದನ್ನು ಕೆಳಗಿಟ್ಟು, "ಇದು ನನ್ನ ಅಣ್ಣನ ಕಾರಿನದು. ನನ್ನದಲ್ಲ" ಎಂದ. ಅವನ ಕಾರಿನ ಹಳೆಯ ಬಣ್ಣದ ಜೊತೆ ಯಂತ್ರದಲ್ಲಿ ಅಳೆದಾಗ ಅವನು ಹೇಳಿದ್ದು ಸರಿಯಾಗಿತ್ತು. ಅಲ್ಲಿಂದ ನನಗೆ ನಾರಾಯಣಪ್ಪನವರ ನೀಲಿಯ ಬಗ್ಗೆ ಭಯ ಜಾಸ್ತಿಯಾಯಿತು. ನೆನಪು ಸುಳ್ಳು ಹೇಳುತ್ತದೆ ಎಂದು ತಳ್ಳಿಹಾಕುವಂತಿರಲಿಲ್ಲ.

ಗುರುವಾರ, ವಾಲ್ಟರ್

ಮಂಗಳವಾರ ಮತ್ತು ಗುರುವಾರ ವಾಲ್ಟರ್ ಎಂಬ ಮುದುಕರು ಪ್ರಯೋಗಾಲಯಕ್ಕೆ ಬರುತ್ತಿದ್ದರು. ಮೂವತ್ತು ವರ್ಷ ಕಾರು ಕಾರ್ಖಾನೆಯ ಬಣ್ಣದ ಸಾಲಿನಲ್ಲಿ ದುಡಿದು ನಿವೃತ್ತರಾದವರು. ಯಾವಾಗಲೂ ಬೂದು ಅಂಗಿ. ಅಂಗಿಯ ಬಣ್ಣ ಮಾದರಿಯ ಮೇಲೆ ಬೀಳಬಾರದಂತೆ. ನನ್ನ ಕುಂಕುಮ ಬಣ್ಣದ ಸ್ವೆಟರ್ ನೋಡಿ ಎರಡು ಹೆಜ್ಜೆ ದೂರ ಸರಿದು ನಿಂತರು. ನಾನು ಅದನ್ನು ಕಳಚಿ ನಡುಗುತ್ತ ನಿಂತೆ. ಅಪ್ಪನಿಗೂ ಇಂಥದೇ ಒಂದು ನಿಯಮ ಇದೆ. ಶೆಡ್ಡಿನ ಗೋಡೆ ಹಸಿರು, ದೇವರ ಪಟದ ಮುಂದೆ ಕೆಂಪು ದೀಪ. ಹಾಗಾಗಿ ಒಳಗೆ ಬಣ್ಣ ನೋಡುವುದೇ ಇಲ್ಲ. ಕಾರಿನ ಎಷ್ಟೇ ದೊಡ್ಡ ಬಾಗಿಲಾದರೂ ಎತ್ತಿಕೊಂಡು ರಸ್ತೆಗೆ ಬರುತ್ತಾರೆ, ಆಟೊದವರು ಬೈಯುತ್ತಾರೆ.

ಡಬ್ಬಿ ತೆರೆದು ಚೂರು ಕೊಟ್ಟೆ. ವಾಲ್ಟರ್ ಅದನ್ನು ಕಿಟಕಿಗೆ ಹಿಡಿದರು, ಓರೆ ಮಾಡಿದರು, ತಲೆಕೆಳಗು ಮಾಡಿದರು. ಅವರ ಮುಖ ಮೊದಲು ಅರಳಿತು.

"ಇದು ಕಾರ್ಖಾನೆಯ ಹಸಿರು. ನನ್ನ ಕೈಯಡಿಯೇ ಹೋಗಿರಬಹುದು."

"ಇದರ ಮೇಲೆ ಆಮೇಲೆ ಯಾರಾದರೂ ನೀಲಿ ಹೊಡೆದಿದ್ದರೇ? ಹೇಳಬಹುದೇ?"

"ಎಲ್ಲಿಂದ ಕತ್ತರಿಸಿದ್ದು?"

"ಹಿಂದಿನ ಸೀಟಿನ ಅಡಿಯಿಂದ."

ಅವರು ವಿವರಿಸಿದರು. ಹೊರಗಡೆ ಬಣ್ಣ ಹೊಡೆಯುವಾಗ ಅದರ ಮಂಜು ಎಲ್ಲ ಸಂದಿಗಳಿಗೂ ನುಗ್ಗುತ್ತದೆ. ಸೀಟಿನ ಅಡಿಯಲ್ಲೂ ಹಿಟ್ಟು ಉದುರಿದಂತೆ ಕೂರುತ್ತದೆ. ನಲವತ್ತು ವರ್ಷದ ಕೊಳೆಯ ಕೆಳಗೆ ನೀಲಿ ಪುಡಿ ಇದ್ದಿದ್ದರೆ ಭೂತಗನ್ನಡಿಯಲ್ಲಿ ಕಾಣುತ್ತಿತ್ತು. "ಆದರೆ ಇದನ್ನು ಯಾರೋ ಉಜ್ಜಿದ್ದಾರೆ. ಬಹಳ ಚೆನ್ನಾಗಿ ಉಜ್ಜಿದ್ದಾರೆ. ಕೊಳೆಯೂ ಇಲ್ಲ, ಪುಡಿಯೂ ಇಲ್ಲ" ಎಂದರು.

ಮರುದಿನ ಏಳು ಗಂಟೆಗೆ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಐದೂವರೆ, ಶೆಡ್ಡಿನಲ್ಲಿ ಟೀ ಹೊತ್ತು.

"ಅಪ್ಪ, ಆ ಚೂರಿಗೆ ಏನು ಮಾಡಿದ್ರಿ?"

"ಏನ್ ಮಾಡ್ದೆ? ಏನೂ ಇಲ್ವಲ್ಲಮ್ಮ. ಥಿನ್ನರ್ ಹಾಕಿ ಒರೆಸ್ದೆ. ಆಮೇಲೆ ಪಾಲಿಶ್ ಹೊಡ್ದೆ. ಸಕ್ಕತ್ತಾಗಿ ಬಂದಿತ್ತಲ್ಲ?"

"ಪಾಲಿಶ್ ಯಾಕೆ ಹೊಡೆದ್ರಿ?"

"ಯಾಕೆ ಅಂದ್ರೆ? ಅಮೆರಿಕಾಗೆ ಹೋಗೋ ಪೀಸು! ಗ್ರೀಸು, ಇಲಿ ಪಿಕ್ಕೆ ಎಲ್ಲ ಮೆತ್ಕೊಂಡಿತ್ತು. ಹಂಗೇ ಕಳಿಸಿದ್ರೆ ಪೀಣ್ಯದೋರು ಗಲೀಜು ಜನ ಅನ್ಕೊಳಲ್ವಾ ಅವ್ರು?"

"ಆ ಗಲೀಜೇ ಬೇಕಾಗಿತ್ತಂತೆ."

ಶೆಡ್ಡಿನಿಂದ ಹೋಗುವ ಯಾವ ಮಾದರಿಯನ್ನೂ ಅಪ್ಪ ಉಜ್ಜದೆ ಕಳಿಸಿದವರಲ್ಲ. ನನ್ನ ಶಾಲೆಯ ಕಂಪಾಸ್ ಪೆಟ್ಟಿಗೆಯೂ ಪ್ರತಿ ಜೂನ್‌ನಲ್ಲಿ ಹೊಸ ಬಣ್ಣ ಕಾಣುತ್ತಿತ್ತು. ಅವರಿಗೆ ಅದು ಮರ್ಯಾದೆಯ ವಿಷಯ. ಬೈಯಲು ನನಗೆ ಬಾಯಿ ಬರಲಿಲ್ಲ.

"ಹೊರಗಿನ ತಗಡು ಎಲ್ಲಾದ್ರೂ ಉಳಿದಿದ್ಯಾ? ಕೆರೆಯದೇ ಇರೋದು?"

"ಎಲ್ಲ ಕೆರೆದಾಯ್ತಲ್ಲ... ತಡಿ. ಪೆಟ್ರೋಲ್ ಬಾಯಿ ಮೇಲಿನ ಮುಚ್ಚಳ ಹಳೇದು ಸೊಟ್ಟಗಾಗಿತ್ತು, ಹೊಸದು ಮಾಡ್ದೆ. ಹಳೇದು ಗುಜರಿ ಡಬ್ಬದಲ್ಲಿ ಇರ್ಬೇಕು."

"ಅದನ್ನ ಮಹೇಶನ ಕೈಲಿ ಕಳಿಸಿ. ಒರೆಸ್ಬೇಡಿ."

"ಒರೆಸಲ್ಲ."

"ಅಪ್ಪ, ನೀರೂ ಮುಟ್ಟಿಸ್ಬೇಡಿ."

"ಆಯ್ತು ಮಾರಾಯ್ತಿ, ಇಲಿ ಪಿಕ್ಕೆ ಸಮೇತ ಕಳಿಸ್ತೀನಿ."

ಮಹೇಶ ಬಂದ ದಿನ

ಭಾನುವಾರ ಮಹೇಶ ಬಂದ. ವಿಮಾನ ನಿಲ್ದಾಣದಲ್ಲಿ ಅವನ ತಾಯಿ ಕೊಟ್ಟ ಚಟ್ನಿಪುಡಿಯನ್ನು ಹಿಡಿದರಂತೆ. ಅಧಿಕಾರಿ ಮೂಸಿ ನೋಡಿ ಏಳು ಸಲ ಸೀನಿದನಂತೆ.

"ಇದು ಏನಕ್ಕೆ ಅಂತ ಕೇಳ್ದ ಕಣ್ರೀ. ದೋಸೆಗೆ ಅಂದೆ. ದೋಸೆ ಅಂದ್ರೇನು ಅಂದ. ಹಿಂದೆ ಇನ್ನೂರು ಜನ ನಿಂತವ್ರೆ, ನಾನು ಉದ್ದು ನೆನಸೋದ್ರಿಂದ ಶುರು ಮಾಡ್ದೆ. ಸಾಕು ಹೋಗಪ್ಪ ಅಂದ್ಬಿಟ್ಟ."

"ತಗಡು?"

"ಅದನ್ನ ಯಾರೂ ಕೇಳ್ಲೇ ಇಲ್ಲ. ತಗೊಳ್ಳಿ. ನಿಮ್ಮಪ್ಪ ಸೀದಾ ಏರ್‌ಪೋರ್ಟಿಗೇ ಬಂದು ಕೊಟ್ರು. ಪ್ಯಾಕೆಟ್ ಬಿಚ್ಚಿದ್ರೆ ನಿಮ್ ಕೈ ಮುರೀತೀನಿ ಅಂತ ಬೇರೆ ಹೇಳಿದ್ರು. ಏನಿದು, ಬಂಗಾರಾನಾ?"

ಕನ್ನಡ ಪತ್ರಿಕೆಯ ಮೂರು ಪದರದೊಳಗೆ ಅಂಗೈಯಗಲದ ತಗಡು. ಕೊಳೆ, ಜಿಡ್ಡು, ಒಣಗಿದ ಮಣ್ಣು. ನಿಜಕ್ಕೂ ಮುಟ್ಟಿರಲಿಲ್ಲ. ಹೋಟೆಲಿನ ಬಿಳಿ ಹಾಸಿಗೆಯ ಮೇಲೆ ಅದನ್ನಿಟ್ಟುಕೊಂಡು ನೋಡುತ್ತ ಕೂತೆ. ಆಗ ಹೊಳೆಯಿತು. ಈ ತಗಡಿನ ಮೇಲೆ ಒದ್ದೆ ಎಮೆರಿ ಕಾಗದದಿಂದ ಎರಡು ನಿಮಿಷ ಉಜ್ಜಿದ್ದರೆ ಅಪ್ಪನಿಗೇ ಉತ್ತರ ಗೊತ್ತಾಗುತ್ತಿತ್ತು. ಮೂವತ್ತು ವರ್ಷದಿಂದ ಅವರು ಮಾಡುತ್ತಿರುವ ಕೆಲಸ ಅದು. ಮಾಡಲಿಲ್ಲ. ಉತ್ತರವನ್ನು ತಾವು ನೋಡಬಾರದೆಂದೇ ಅದನ್ನು ಭೂಮಿಯ ಇನ್ನೊಂದು ಬದಿಗೆ ಕಳಿಸಿದ್ದರು.

ನಾನೂ ಉಜ್ಜಲಿಲ್ಲ. ಸೋಮವಾರವಿಡೀ ಪ್ಯಾಕೆಟ್ಟನ್ನು ಚೀಲದಲ್ಲಿ ಹೊತ್ತು ತಿರುಗಿದೆ. ಸಂಜೆ ಮಹೇಶ ಮಾಲ್ ನೋಡೋಣ ಎಂದ. ಹೋದೆ. ಒಂದು ಅಂಗಡಿಯಲ್ಲಿ ಗೋಡೆಯ ಬಣ್ಣದ ಚೀಟಿಗಳನ್ನು ಪುಕ್ಕಟೆ ಇಟ್ಟಿದ್ದರು. ಬಿಳಿಯಲ್ಲೇ ನಲವತ್ತು ಬಗೆ. ನಾನು ನೀಲಿಯ ಸಾಲಿನ ಮುಂದೆ ನಿಂತುಬಿಟ್ಟೆ. ನಾರಾಯಣಪ್ಪನವರನ್ನು ಒಮ್ಮೆ ಯಾವ ನೀಲಿ ಎಂದು ಕೇಳಿದ್ದೆ. ಅವರು ಸುತ್ತ ನೋಡಿ, ಕೊನೆಗೆ ಆಚೆ ಹೋಗುತ್ತಿದ್ದ ಶಾಲೆಯ ಹುಡುಗಿಯ ಲಂಗ ತೋರಿಸಿ, "ಅದನ್ನ ನಾಕು ಸಲ ಒಗುದ್ರೆ ಎಂಗಾಗ್ತದೆ, ಅಂಗೆ" ಎಂದಿದ್ದರು. ಆ ಚೀಟಿ ಅಲ್ಲಿತ್ತು. ಮೂರನೆಯ ಸಾಲು, ಬಲದಿಂದ ಎರಡನೆಯದು. ಮುಟ್ಟದೆ ಬಂದೆ.

ಎರಡನೆಯ ಮಂಗಳವಾರ

ವಾಲ್ಟರ್ ತಗಡನ್ನು ಕಂಡು ಶಿಳ್ಳೆ ಹಾಕಿದರು. "ಈಗ ಇದು ಮಾತಾಡುತ್ತದೆ" ಎಂದರು.

ಒಂದು ಮೂಲೆಯಲ್ಲಿ ನೀರು ಚಿಮುಕಿಸಿ, ಎಮೆರಿ ಕಾಗದವನ್ನು ಹೆಬ್ಬೆರಳಿಗೆ ಸುತ್ತಿ, ಪುಟ್ಟ ವೃತ್ತವಾಗಿ ಉಜ್ಜತೊಡಗಿದರು. ಕಿರುಬೆರಳನ್ನು ಎತ್ತಿ ಹಿಡಿದಿದ್ದರು. ಅಪ್ಪನೂ ಹಾಗೇ ಎತ್ತಿ ಹಿಡಿಯುತ್ತಾರೆ. ಇಬ್ಬರಿಗೂ ಇದನ್ನು ಯಾರು ಕಲಿಸಿದರೋ.

ನಡುವೆ ಆಳ, ಅಂಚಿಗೆ ಬಂದಂತೆ ಮೇಲು. ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಂತೆ ಉಂಗುರಗಳು ಕಾಣತೊಡಗಿದವು. ಹೊರಗಿನ ಉಂಗುರ ಬಿಳಿ. ಅದರೊಳಗೆ ಕೆಂಪು. ಕೆಂಪಿನೊಳಗೆ... ವಾಲ್ಟರ್ ನೀರು ಒರೆಸಿದರು. ಹಸಿರು. ಅದರೊಳಗೆ ಎಲ್ಲಕ್ಕೂ ಮೊದಲು ಬಳಿಯುವ ಅಸ್ತರಿನ ಬೂದು, ನಟ್ಟನಡುವೆ ಬೆತ್ತಲೆ ತಗಡು.

"ಇನ್ನೊಂದು ಕಡೆ ನೋಡಿ" ಎಂದೆ.

ನೋಡಿದರು. ಬಿಳಿ, ಕೆಂಪು, ಹಸಿರು. ಮೂರನೆಯ ಕಡೆ ನಾನೇ ಉಜ್ಜಿದೆ. ಬಿಳಿ, ಕೆಂಪು, ಹಸಿರು.

"ಈ ಮುಚ್ಚಳ ಬೇರೆ ಕಾರಿನದಾಗಿದ್ದರೆ?"

ವಾಲ್ಟರ್ ನಾನು ಮೊದಲು ತಂದಿದ್ದ ಚೂರನ್ನು ಉಂಗುರದ ಪಕ್ಕ ಇಟ್ಟರು. ಯಂತ್ರದಲ್ಲಿ ಎರಡನ್ನೂ ಅಳೆದೆ. ಒಂದೇ ಹಸಿರು. ಸೀಟಿನ ಅಡಿಯೂ ಮುಚ್ಚಳವೂ ಒಂದೇ ದಿನ, ಒಂದೇ ಸಾಲಿನಲ್ಲಿ ಬಣ್ಣ ಕಂಡಿದ್ದವು. ಕಾರು ಹಸಿರಾಗಿ ಹುಟ್ಟಿತ್ತು, ಕೆಂಪಾಯಿತು, ಬಿಳಿಯಾಯಿತು. ನೀಲಿ ಅದರ ಮೈಮೇಲೆ ಯಾವತ್ತೂ ಇರಲಿಲ್ಲ.

ಅಷ್ಟು ದಿನದಲ್ಲಿ ವಾಲ್ಟರ್ ಮೊದಲ ಸಲ ತಗಡಿನದಲ್ಲದ ಪ್ರಶ್ನೆ ಕೇಳಿದರು: "ಇದನ್ನು ಯಾರಿಗೆ ಹೇಳಬೇಕು?"

ನಾನು ಯಾರಿಗೂ ಸ್ವಂತ ವಿಷಯ ಹೇಳುವವಳಲ್ಲ. ಆದರೂ ಲಕ್ಷ್ಮಮ್ಮನ ಕತೆ ಹೇಳಿದೆ. ಅವರು ಕೇಳಿಸಿಕೊಂಡು, ತಗಡನ್ನು ಪತ್ರಿಕೆಯ ಅದೇ ಮಡಿಕೆಗಳಲ್ಲಿ ಸುತ್ತಿ, ಹಿಂದಿರುಗಿಸಿದರು. ಸಮಾಧಾನದ ಮಾತು ಯಾವುದನ್ನೂ ಆಡಲಿಲ್ಲ. ಅದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

ಬುಧವಾರ ಬೆಳಿಗ್ಗೆ

ಏಳಕ್ಕೆ ಫೋನ್ ಮಾಡಿದೆ. ಅದಕ್ಕೂ ಮೊದಲು ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಎಷ್ಟು ಸಲ ನಡೆದೆನೋ.

"ಹೇಳಮ್ಮ."

"ನೀಲಿ ಇಲ್ಲಪ್ಪ."

ಶೆಡ್ಡಿನ ಕಂಪ್ರೆಸರ್ ಓಡುತ್ತಿತ್ತು. ಅಪ್ಪ ಯಾರಿಗೋ ಆಫ್ ಮಾಡು ಎಂದರು. ಆಮೇಲೆ ದನಿ ತಗ್ಗಿಸಿದರು.

"ಚೆನ್ನಾಗಿ ನೋಡಿದ್ರಾ?"

"ಮೂರು ಕಡೆ ನೋಡಿದ್ವಿ."

"ನಾರಾಯಣಪ್ಪನೋರು ಇಲ್ಲೇ ಕೂತವ್ರೆ. ಬೆಳಿಗ್ಗೆಯಿಂದ ಕೂತವ್ರೆ. ನೋಡಮ್ಮ, ಒಂದು ಮಾತು. ನೀಲಿ ಅಂತಂದ್ಬಿಡು. ಯಾರಿಗೇನ್ ನಷ್ಟ? ಆಸೆ ಪಟ್ಟವ್ರೆ, ತಂಗೀನ ಕೂರಿಸ್ಕೊಂಡು ಒಂದ್ ರೌಂಡ್ ಹೋಗ್ಲಿ."

"ನೀವೇ ಹೇಳಿ ಹಾಗಾದ್ರೆ."

"ನಾನು ಹೇಳಿದ್ರೆ ಅವ್ರು ನಂಬಲ್ಲ. ಸಮಾಧಾನಕ್ಕೆ ಹೇಳ್ತಾವ್ನೆ ಅಂತಾರೆ. ನೀನ್ ಹೇಳಿದ್ರೆ ನಂಬ್ತಾರೆ. ಅದಕ್ಕೇ ಹೇಳ್ತಿರೋದು."

ಅದಕ್ಕೇ ನನ್ನಿಂದ ಆಗುವಂತಿರಲಿಲ್ಲ. "ಅವರಿಗೆ ಕೊಡಿ" ಎಂದೆ.

ಫೋನು ಕೈ ಬದಲಾಯಿಸಿತು. "ಏನವ್ವಾ, ಅಲ್ಲಿ ಬಾಳ ಚಳಿಯಂತೆ?"

"ಹೂಂ, ಚಳಿ ಇದೆ."

"ಉಂಡ್ಯಾ?"

"ಇನ್ನೂ ಬೆಳಿಗ್ಗೆ ಇಲ್ಲಿ."

"ಔದಾ. ಬಣ್ಣ ಸಿಗ್ತಾ?"

"ಸಿಕ್ತು. ಹಸಿರು." ನಾನು ನಿಲ್ಲಿಸದೆ ಹೇಳಿದೆ, ನಿಲ್ಲಿಸಿದರೆ ಮುಂದುವರಿಸಲಾರೆ ಎಂದು ಗೊತ್ತಿತ್ತು. "ಫ್ಯಾಕ್ಟರಿಯಿಂದ ಹಸಿರಾಗಿ ಬಂದಿದೆ. ಆಮೇಲೆ ಕೆಂಪು ಹೊಡೆದವ್ರೆ, ಆಮೇಲೆ ಬಿಳಿ. ಮಧ್ಯದಲ್ಲಿ ನೀಲಿ ಇಲ್ಲ."

"ಒಂದ್ಸಲಾನೂ ಇಲ್ವಾ?"

"ಒಂದ್ಸಲಾನೂ ಇಲ್ಲ. ನಿಮಗೆ ಅದು ನೀಲಿ ಅಂತ ಚೆನ್ನಾಗಿ ನೆನಪಿದ್ಯಾ? ಹಸಿರೇ ಇರಬಹುದಾ?"

"ಅವ್ವನ್ ಸೀರೆ ಅಸ್ರು ಕಣವ್ವ" ಎಂದರು. ಕೋಪವಿಲ್ಲದೆ, ನಿಧಾನವಾಗಿ. "ಕಾರಿನ್ ಬಾಗ್ಲಿಗೆ ಒರಗಿಸಿ ನಿಲ್ಸಿದ್ರು. ಅಸ್ರು ಸೀರೆ, ನೀಲಿ ಬಾಗ್ಲು. ನಾನು ಎದುರಿಗೇ ನಿಂತಿದ್ದೆ. ಎಂಗ್ ಮರೀತೀನಿ?"

ಪತ್ರಿಕೆಯ ಮಡಿಕೆ ಬಿಚ್ಚಿ ಉಂಗುರಗಳನ್ನು ಮತ್ತೊಮ್ಮೆ ನೋಡಿದೆ.

"ಅಂಗಾರೆ ಇದು ಆ ದೊರೆ ಕಾರಲ್ಲ."

"ಅಲ್ಲ ಅನ್ಸುತ್ತೆ."

"ಅನ್ಸುತ್ತೆ ಅನ್ಬ್ಯಾಡ. ಇಷ್ಟ್ ದೂರ ಓಗಿ ನೋಡಿದೀಯ. ಅಲ್ಲ ಅಂತ್ಲೇ ಅನ್ನು."

"ಅಲ್ಲ."

ಆ ಕಡೆ ರಸ್ತೆಯ ಸದ್ದು. ಲಾರಿಯೊಂದು ಹಿಂದಕ್ಕೆ ಬರುವಾಗಿನ ಪೀಂ ಪೀಂ. ಅಪ್ಪನ ದನಿ ದೂರದಿಂದ ಕೇಳಿಸಿತು: "ನೀಲಿನೇ ಹೊಡಿಯೋಣ ಬಿಡಿ ನಾರಾಯಣಪ್ಪನೋರೆ. ನಿಮ್ ಕಾರು, ನಿಮ್ಮಿಷ್ಟ."

"ಬ್ಯಾಡ" ಎಂದರು ಅವರು, ಫೋನನ್ನು ಬಾಯಿಂದ ಸರಿಸದೆಯೇ. "ನಮ್ ಲಕ್ಷ್ಮಮ್ಮುನ್ನ ಸುಳ್ ಬಣ್ಣದಾಗೆ ಕೂರಿಸ್ಲಾ? ಅವ್ಳಿಗೆ ನಾನೇ ಏಳ್ತೀನಿ. ನಗ್ತಾಳೆ, ನಗ್ಲಿ. ಇದು ಇನ್ಯಾರ್ದೋ ಕಾರು. ಅವ್ರು ಯಾವ ಬಣ್ಣ ಕೊಟ್ಟಿದ್ರೋ ಅದ್ನೇ ಬಳೀರಿ." ಆಮೇಲೆ ನನಗೆ: "ಅವ್ವಾ, ಯಾವ ಅಸ್ರು ಅದು?"

ನನ್ನ ಮುಂದೆ ಯಂತ್ರ ಕೊಟ್ಟ ಮೂರು ಸಂಖ್ಯೆಗಳಿದ್ದವು. ಅವುಗಳಿಂದ ಅವರಿಗೇನು ಉಪಯೋಗ? "ಹೊಂಗೆ ಎಲೆ ಇರುತ್ತಲ್ಲ" ಎಂದೆ, "ಎಳೇದಲ್ಲ, ಬಲಿತಿದ್ದು. ಬಿಸಿಲು ಬಿದ್ರೆ ಮಿಂಚುತ್ತಲ್ಲ, ಅದು."

"ಒಂಗೆ" ಎಂದರು. "ಒಳ್ಳೇ ಬಣ್ಣನೇ. ತಣ್ಣಗಿರ್ತದೆ." ಫೋನು ಅಪ್ಪನ ಕೈಗೆ ಹೋಗದೆಯೇ ಕಟ್ಟಾಯಿತು.

ಆ ದಿನ ತರಬೇತಿಯಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಮಹೇಶ ಎರಡು ಸಲ "ಹುಷಾರಾಗಿದ್ದೀರಾ?" ಎಂದ. ಮಧ್ಯಾಹ್ನ ಅವನ ಬಾಡಿಗೆ ಕಾರಿನಲ್ಲಿ, ಗೋಡೆಯ ಕಡೆ ಮುಖ ಮಾಡಿ, ಚಟ್ನಿಪುಡಿ ಹಚ್ಚಿದ ಬ್ರೆಡ್ ತಿಂದೆ. ಹೊಸೂರು ರಸ್ತೆಯಲ್ಲಿ ನಿಂತಿದ್ದ ಆ ನಿಜವಾದ ನೀಲಿ ಕಾರು ಈಗ ಎಲ್ಲಿದ್ದೀತು ಎಂದು ಯೋಚಿಸಿದೆ. ಯಾವುದಾದರೂ ಗುಜರಿಯಲ್ಲಿ ಕರಗಿ ಬೇರೇನೋ ಆಗಿರಬಹುದು. ಅಪ್ಪ ಸಂಜೆ ಫೋನ್ ಮಾಡಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟಿರಬಹುದು ಎಂದುಕೊಂಡೆ, ಈಗಲೂ ಕೇಳಿಲ್ಲ.

ಮರುದಿನ

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದೆ. ಬೂದು ಕೋಟು ಹಾಕಿಕೊಂಡೆ. ತಕ್ಕಡಿಯ ಮೇಲೆ ಹಸಿರು ತೂಗಿದೆ, ಹಳದಿ ತೂಗಿದೆ, ಕಪ್ಪು ಮೂರು ಹನಿ, ಲೋಹದ ಪುಡಿ ಒಂದು ಚಿಟಿಕೆ. ಹಲಗೆಗೆ ಹೊಡೆದು, ಒಣಗಿಸಿ, ಹೊರಗಿನ ಬೆಳಕಿಗೆ ಒಯ್ದು ವಾಲ್ಟರ್ ಉಜ್ಜಿದ್ದ ಉಂಗುರದ ಪಕ್ಕ ಹಿಡಿದೆ. ಹಳದಿ ಕಡಿಮೆಯಾಗಿತ್ತು. ಒಳಗೆ ಬಂದು ಮತ್ತೆ ಬೆರೆಸಿದೆ. ಮೂರನೆಯ ಹಲಗೆ ಸರಿಹೋಯಿತು. ಹಳೆಯ ಹಸಿರು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತದೆಂದು ನನಗೇ ತಿಳಿಯಲಿಲ್ಲ.

ಪ್ರತಿ ಹೊಸ ಬೆರಕೆಗೂ ಅಲ್ಲಿ ಒಂದು ಕಾರ್ಡು ತುಂಬಿಸಬೇಕು. ಪ್ರಮಾಣಗಳನ್ನು ಬರೆದೆ, ಕಾರಿನ ವಿವರ ಬರೆದೆ. ಕೊನೆಯ ಸಾಲಿನಲ್ಲಿ ಮಾಲೀಕರ ಹೆಸರು ಕೇಳಿದ್ದರು. ನಾರಾಯಣಪ್ಪ, ಸಿಂಗಸಂದ್ರ ಎಂದು ಬರೆದೆ.